ಚಂಪಾ ಕಾಕು ಟ್ಯಾಂಕರ್ ಹತ್ತಿದ್ದು

ಇವತ್ತು ಬೆಳಿಗ್ಗೆ ನಮ್ಮ ಅಂಗಳದ ನಲ್ಲಿಗೆ ಕಟ್ಟಿದ್ದ ಬಟ್ಟೆ ಹರಿದಿತ್ತು. ಹೊಸದಕ್ಕಾಗಿ ಹಳೆಯ ಧೋತರದ ತುಂಡು ಹುಡುಕುತ್ತ ಟ್ರಂಕು ತೆರೆದರೆ ಮೇಲೆಯೇ ಸಿಕ್ಕಿದ್ದು ನಮ್ಮ ಲೇಔಟಿನ ನಕಾಶೆ. ಧೋತರ ಮರೆತು ಅದನ್ನು ಹರವಿಕೊಂಡು ಕೂತುಬಿಟ್ಟೆ. ನೀವಾದರೂ ಕೂರುತ್ತಿದ್ದಿರಿ, ಅಷ್ಟು ಚೆಂದದ ಊರು ಅದು. ಹಸಿರು ಬಣ್ಣದ ಉದ್ಯಾನ, ಮೂವತ್ತು ಅಡಿಯ ರಸ್ತೆ, ಎರಡೂ ಬದಿಗೆ ಗಟಾರ. ಮೂಲೆಯಲ್ಲೊಂದು ನೀಲಿ ಚೌಕ, ಅದರೊಳಗೆ ‘ನೀರು ಪೂರೈಕೆ’ ಎಂಬ ಅಕ್ಷರ.

ಗೋಕಾಕದಿಂದ ಘಟಪ್ರಭಾಕ್ಕೆ ಹೋಗುವ ದಾರಿಯಲ್ಲಿ ಈ ನಕಾಶೆ ನಂಬಿ ಮೊದಲು ಮನೆ ಕಟ್ಟಿದ ಇಬ್ಬರು ಶಾಣ್ಯಾರಲ್ಲಿ ನಾನೊಬ್ಬ. ನಾನು ಭೂಗೋಳದ ಮಾಸ್ತರ. ನಕಾಶೆ ಓದಿಸುವುದೇ ಹೊಟ್ಟೆಪಾಡು. ನೆಲ ನೋಡುವುದನ್ನು ಮಾತ್ರ ಮರೆತಿದ್ದೆ. ಸೈಟು ಮಾರುವ ಮೊದಲು ರಸ್ತೆ, ಗಟಾರ, ನೀರು, ಬೀದಿದೀಪ ಮಾಡಿಕೊಡಬೇಕೆಂಬ ನಿಯಮವಿದೆಯಲ್ಲ, ಲೇಔಟಿನ ಮಾಲಕರು ಅದನ್ನು ತಪ್ಪಿಸಿದವರಲ್ಲ. ಪ್ರತಿಯೊಂದಕ್ಕೂ ಒಂದೊಂದು ಬೋರ್ಡು ನೆಡಿಸಿದ್ದರು. ಗೋವಿನಜೋಳದ ಕೂಳೆಯ ನಡುವೆ ‘ಉದ್ಯಾನ’ ನಿಂತಿತ್ತು. ದೀಪದ ಕಂಬಗಳೂ ಇದ್ದವು, ತಂತಿ ಇರಲಿಲ್ಲ. ಎಮ್ಮೆ ಕಟ್ಟುವವರಿಗೆ ಅನುಕೂಲವಾಯಿತು. ನೀಲಿ ಚೌಕದ ಜಾಗಕ್ಕೆ ಸುತ್ತಲೂ ಎತ್ತರದ ತಗಡು ಹೊಡೆದಿದ್ದರು.

“ಹೊಲದಾಗಿನ ಹಳೀ ಬಾಂವಿ ಇತ್ತರಿ ಅಲ್ಲಿ, ಮುಚ್ಚಿಸೇವಿ. ಇನ್ನ ಟಾಕಿ ಕಟ್ಟೂದ ಬಾಕಿ,” ಎಂದಿದ್ದರು ಮಾಲಕರು. ನಾನು ತಲೆಯಾಡಿಸಿ ಬಂದಿದ್ದೆ.

ಇನ್ನೊಬ್ಬ ಶಾಣ್ಯಾರು ಪಕ್ಕದ ಮನೆಯ ಚಂಪಾ ಕಾಕು. ಬೆಲ್ಲದ ಬಾಗೇವಾಡಿಯ ಜೈನರ ಮನೆತನದವರು. ಬಾಡಿಗೆ ಮನೆಗಳಲ್ಲಿ ಹೊಲಿಗೆ ಮಷೀನು ತುಳಿದು ತುಳಿದೇ ಸ್ವಂತದ ಬಾಗಿಲು ಕಂಡ ಹೆಣ್ಣುಮಗಳು. ನೀರು ಸೋಸದೆ ಕುಡಿಯುವವರಲ್ಲ. ಅಷ್ಟಾದರೆ ಸರಿ, ನೀರನ್ನು ಯಾರು ಬೇಕಾದರೂ ಸೋಸುತ್ತಾರೆ. ಕಾಕು ಬಟ್ಟೆಯ ಮೇಲೆ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಒಂದು ತಂಬಿಗೆಗೆ ಇಳಿಸಿಕೊಂಡು, ಆ ನೀರು ಯಾವ ಬಾವಿಯಿಂದ ಬಂತೋ ಅದೇ ಬಾವಿಗೆ ತಿರುಗಿ ಮುಟ್ಟಿಸುವವರು. ಅದಕ್ಕೆ ಜೀವಾಣಿ ಎನ್ನುತ್ತಾರೆ.

ನಮಗೆ ನೀರು ಬರುತ್ತಿದ್ದದ್ದು ಮಲ್ಲಪ್ಪ ಓಡಿಸುತ್ತಿದ್ದ ಮಾಲಕರ ಟ್ಯಾಂಕರಿನಲ್ಲಿ, ದುಡ್ಡಿಗೆ. “ಘಟಪ್ರಭಾ ಕಡಿಂದ ತರ್ತೇನ್ರಿ,” ಎನ್ನುತ್ತಿದ್ದ. ಅವನು ಹೊರಟಾಗೆಲ್ಲ ಕಾಕು ತಂಬಿಗೆ ಕೈಗೆ ಕೊಟ್ಟು, “ಮ್ಯಾಲಿಂದ ಸುರೀಬ್ಯಾಡಪಾ, ಹಗ್ಗಾ ಕಟ್ಟಿ ನೀರ ಮುಟ್ಟೂತನಕ ಇಳಸು,” ಎಂದು ಹೇಳಿ ಕಳಿಸುತ್ತಿದ್ದರು.

ನನ್ನ ನಾಲಿಗೆ ಸುಮ್ಮನಿರಬೇಕಲ್ಲ. “ಕಾಕು, ಅವಕ್ಕ ತಿಕೀಟ ತಗಸ್ಬೇಕೇನ್ರಿ?” ಎಂದೆ ಒಮ್ಮೆ.

“ನಗ್ರಿ ಮಾಸ್ತರ್ರ. ನಿಮ್ಮನ್ನೂ ಯಾರರ ಗುರ್ತಿಲ್ಲದ ಜಾಗಾದಾಗ ಇಳಿಸಿ ಹ್ವಾದ್ರ ತಿಳೀತೈತಿ.”

ಬೋರ್ಡುಗಳ ನಡುವೆ ನಿಂತಿದ್ದ ನನಗೆ ಅದು ಆಗಲೇ ಸಾಕಷ್ಟು ತಿಳಿದಿತ್ತು.

ಒಂದು ದಿನ ಕಾಕು ಅಡ್ಡ ನಿಂತು ಕೇಳಿಯೇಬಿಟ್ಟರು. “ಖರೆ ಹೇಳ ಮಲ್ಲಪ್ಪಾ, ಬಾಂವ್ಯಾಗ ಇಳಸ್ತೀಯೋ, ದಾರ್ಯಾಗ ಚೆಲ್ಲತೀಯೋ?” ಮಲ್ಲಪ್ಪ ಒಳ್ಳೆಯ ಮನುಷ್ಯ, ಸುಳ್ಳು ಹೇಳಲಾರದೆ ಗಾಡಿಯ ಕನ್ನಡಿ ಒರೆಸತೊಡಗಿದ. ಅಂದು ಕಾಕು ಆ ನೀರು ಮುಟ್ಟಲಿಲ್ಲ. ಮಷೀನಿನ ಸದ್ದೂ ಕೇಳಲಿಲ್ಲ. “ಇದು ಬಗೀಹರೀಲಿಲ್ಲಂದ್ರ ಮನಿಗಿ ಕೀಲಿ ಹಾಕಿ ಬಾಗೇವಾಡಿಗೆ ಹೊಕ್ಕೇನ್ರಿ,” ಎಂದರು. ಆಗ ನನ್ನ ನಗು ನಿಂತಿತು. ಇಷ್ಟು ವರ್ಷ ತುಳಿದು ಕಟ್ಟಿಸಿದ ಮನೆಯನ್ನು ಒಂದು ತಂಬಿಗೆ ನೀರಿಗಾಗಿ ಬಿಡಲು ಅವರು ತಯಾರಿದ್ದರು. ಅವರು ಹೋದರೆ ನಾನು, ನನ್ನ ಹೆಂಡತಿ ಮತ್ತು ಕಂಬಗಳು ಉಳಿಯುತ್ತಿದ್ದೆವು. ನನಗೆ ಖರೇನೇ ಹೆದರಿಕೆಯಾಯಿತು.

ಮರುದಿನ ಕಾಕು ತಂಬಿಗೆ ಹಿಡಿದು ಟ್ಯಾಂಕರ್ ಹತ್ತಿದರು. ಬಾಜೂಕ್ಕೆ ನನ್ನನ್ನೂ ಹತ್ತಿಸಿಕೊಂಡರು. ಮಲ್ಲಪ್ಪ ಡಾಂಬರು ರಸ್ತೆಗೆ ಇಳಿದು ಧುಪದಾಳದ ಕಡೆ ಹೊರಟ, ತಿರುಗಿದ, ಮತ್ತೆ ಹೊರಟ.

“ಈ ಚಾದ ಅಂಗಡಿ ಎಷ್ಟ ಸಲ ಬರತೈತೋ ಮಲ್ಲಪ್ಪಾ?”

“ತಪ್ಪಾತರಿ ಕಾಕು,” ಎಂದವನೇ ಕಬ್ಬಿನ ಹೊಲದ ಹಿಂದಿನ ಚಕ್ಕಡಿ ದಾರಿಗೆ ಗಾಡಿ ಹೊರಳಿಸಿ, ಒಂದು ತಗಡಿನ ಬಾಗಿಲು ತೆರೆದ. ಒಳಗೆ ತುಂಬಿದ ಬಾವಿ, ಅದಕ್ಕೊಂದು ಮೋಟಾರು. ಎದುರಿನ ತಗಡಿನ ತೂತಿನಿಂದ ಇಣುಕಿದೆ. ಆಚೆ ನಮ್ಮ ಅಂಗಳದ ತಂತಿಯ ಮೇಲೆ ನನ್ನದೇ ಬನಿಯನ್ ಒಣಗುತ್ತಿತ್ತು.

ನೀಲಿ ಚೌಕದೊಳಗೇ ನಿಂತಿದ್ದೆವು! ಮುಚ್ಚಿಸಿದ್ದೇವೆಂದ ನಮ್ಮ ಬಾವಿಯ ನೀರನ್ನೇ ಮಾಲಕರು ನಮಗೆ ಊರು ಸುತ್ತಿಸಿ ಮಾರುತ್ತಿದ್ದರು. ಮಾಲಕರ ಮನೆಗೆ ಈಗಲೇ ಹೋಗೋಣವೆಂದು ಕೂಗಾಡಿದೆ.

“ತಡೀರಿ ಮಾಸ್ತರ್ರ,” ಎಂದರು ಕಾಕು, ತಂಬಿಗೆಗೆ ಹಗ್ಗ ಕಟ್ಟುತ್ತ. “ಮದಲ ಇವನ್ನ ಮನಿ ಮುಟ್ಟಸೂಣು. ಆಮ್ಯಾಲ ನಮ್ಮ ಮನೀದು ನೋಡೂಣು.”

ಇಳಿಸಿದರು, ನಿಧಾನಕ್ಕೆ. ಆಮೇಲೆ ನೇರ ಲೇಔಟಿಗೆ ಮಂಜೂರಿ ಕೊಟ್ಟ ಕಚೇರಿಗೆ ಹೋಗಿ ಸಾಹೇಬರ ಟೇಬಲ್ಲಿನ ಮೇಲೆ ನಕಾಶೆ ಹರವಿ, ನೀಲಿ ಚೌಕದ ಮೇಲೆ ಬೆರಳಿಟ್ಟು ಕೂತರು. ಅಂಥ ಬೆರಳನ್ನು ಎತ್ತಿಸುವುದು ಯಾರಿಂದ ಸಾಧ್ಯ? ಹಲವು ಸಲ ಅಲೆದೆವು. ಕೊನೆಗೆ ತಗಡು ಬಿಚ್ಚಿತು, ನೀರಿನ ಟಾಕಿ ಎದ್ದಿತು, ಮನೆಗಳಿಗೆ ನಲ್ಲಿ ಬಂತು. ವಾಲ್ವು ತಿರುಗಿಸುವ ಕೆಲಸ ಈಗ ಮಲ್ಲಪ್ಪನದೇ. ನೀರು ಬಂದ ಮೊದಲ ದಿನ ಕಾಕು ತಮ್ಮ ನಲ್ಲಿಗೆ ಬಟ್ಟೆ ಕಟ್ಟಿದರು. ನನ್ನನ್ನು ಕೇಳದೆಯೇ ನನ್ನದಕ್ಕೂ ಕಟ್ಟಿದರು.

ಅಂತೂ ಇವತ್ತು ಧೋತರದ ತುಂಡು ಸಿಕ್ಕಿತು, ಕಟ್ಟಿದೆ. ಮಷೀನು ತುಳಿದ ಕಾಕುವಿನ ಮೊಣಕಾಲು ಈಗ ಬಾವಿಯವರೆಗೆ ನಡೆಯುವುದಿಲ್ಲ. ಹೀಗಾಗಿ ಎರಡೂ ಮನೆಯ ತಂಬಿಗೆ ನನ್ನ ಕೈಗೇ ಬಂದಿದೆ. ಇಂದೂ ಹೊರಟೆ, ಬಗಲಲ್ಲಿ ಗಟಾರದ ಅರ್ಜಿ ಮತ್ತು ಅದೇ ನಕಾಶೆ. ನನ್ನ ಜೊತೆ ಕಚೇರಿಗೆ ಬರಬೇಕಿದ್ದ, ಹೊಸದಾಗಿ ಸೈಟು ಕೊಂಡವರೊಬ್ಬರು ಬಾವಿಯ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದರು.

“ಕಚೇರಿ ತಗದೈತರಿ ಸರ್, ಲಗೂ ನಡೀರಿ. ಅದೇನ ಇಳಸಾಕತ್ತೀರಿ ಹಗ್ಗಾ ಕಟ್ಟಿ?”

“ತಡೀರಿ,” ಎಂದೆ. “ಮದಲ ಇವನ್ನ ಮನಿ ಮುಟ್ಟಸ್ತೇನಿ.”