ಒಂದು ದಿನ ಸಾಕೆಂದ ಅಕ್ಕ

ನಾನು ಒಂದು ದಿನಕ್ಕೆ ಕೈ ಎತ್ತಬೇಕಿತ್ತು. ಎತ್ತಲಿಲ್ಲ.

ನಮ್ಮ ಶೈಲಕ್ಕ ಸಭೆಯಲ್ಲಿ ಕೂತದ್ದನ್ನು ಯಾರೂ ನೋಡಿರಲಿಲ್ಲ. ಅವ್ವನ ಪೂಜೆಯ ಹಿತ್ತಾಳೆ ಗಂಟೆ ಹಿಡಿದು ಬಾಗಿಲ ಪಕ್ಕ ನಿಂತೇ ಇರುತ್ತಿದ್ದಳು. ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಅವಳು ಹುಬ್ಬಳ್ಳಿ-ಧಾರವಾಡದ ಹುಡುಗ ಹುಡುಗಿಯರನ್ನು ಕೂಡಿಸಿ ವರ್ಷಕ್ಕೊಮ್ಮೆ ಸಮ್ಮೇಳನ ನಡೆಸುತ್ತಿದ್ದಳು. ಯಾರಿಗೂ ಸಂಬಳವಿಲ್ಲ, ತಾವು ಕಲಿತದ್ದನ್ನು ಬಂದವರಿಗೆ ಹೇಳಿಕೊಡುವುದು, ಅಷ್ಟೇ. ಏಳನೆಯ ಇಯತ್ತೆಗೆ ಸಾಲೆ ಬಿಟ್ಟ ನಾನು ಬೆಂಗೇರಿಯಲ್ಲಿ ಖಾನಾವಳಿ ನಡೆಸುತ್ತೇನೆ. ಸಮ್ಮೇಳನದ ಅಡಿಗೆ ನನ್ನದು.

ಹೊತ್ತು ಮುಗಿದರೆ ಎಂಥ ದೊಡ್ಡವರು ಮಾತಾಡುತ್ತಿದ್ದರೂ ಅಕ್ಕ ಗಂಟೆ ಬಾರಿಸುತ್ತಿದ್ದಳು. ‘ಎರಡ ನಿಮಿಷ ಮೇಡಂ’ ಎಂದವರೊಬ್ಬರಿಗೆ, ‘ನಿಮ್ಮ ಎರಡ ನಿಮಿಷದಾಗ ನಮ್ಮ ತಂಗಿ ಮಾಡಿದ ಅನ್ನ ಮುದ್ದಿ ಆಗತೈತ್ರಿ. ಇಳೀರಿ’ ಎಂದಿದ್ದಳು. ಸಮ್ಮೇಳನವೂ ಅಷ್ಟೇ, ಒಂದೇ ದಿನ. ‘ಇನ್ನೊಂದು ತುತ್ತು ಬೇಕು ಅನ್ನೂವಾಗ ತಾಟಿನ ಮುಂದಿಂದ ಏಳಬೇಕು’ ಎನ್ನುವುದು ಅವಳ ಮಾತು.

ಹೋದ ವರ್ಷ ನಮ್ಮ ಮನೆಯ ಮೆಟ್ಟಿಲ ನಡುವೆ ಅವಳು ಗೋಡೆ ಹಿಡಿದು ನಿಂತುಬಿಟ್ಟಳು. ತುಟಿ ನೀಲಿಗಟ್ಟಿತ್ತು.

‘ಯಾರಿಗೂ ಹೇಳಬ್ಯಾಡ ಸಾವಿ. ಹುಡುಗೂರು ಎರಡ ದಿವಸ ಅನ್ನಾಕತ್ತಾವ. ನನಗ ಒಂದ ದಿವಸ ಹೆಂಗರೆ ದಾಟತೈತಿ, ಎರಡು ಆಗೂದಿಲ್ಲ. ನೀ ಒಂದಕ್ಕ ಕೈ ಎತ್ತು. ಸಮ್ಮೇಳನ ಮುಗದ ಮ್ಯಾಲೆ ಡಾಕ್ಟರ ಕಡೆ ಹೋಗೋಣು.’

ಕೆಲಸ ಮಾಡುವವರಿಗೆಲ್ಲ ಒಂದೊಂದು ಕೈ ಎಂದು ನಿಯಮ ಮಾಡಿದವಳೂ ಅವಳೇ. ಸಮ್ಮೇಳನ ಎಷ್ಟು ದಿನವೆಂದು ಗೊತ್ತುಮಾಡುವ ಸಭೆಯಲ್ಲಿ ಎರಡೂ ಕಡೆ ಕೈಗಳು ಸಮವಾದವು. ಒಬ್ಬ ಹುಡುಗಿ ನನ್ನತ್ತ ತಿರುಗಿದಳು.

‘ಸಾವಿತ್ರಕ್ಕಾರ, ನಿಮ್ಮದೊಂದ ಉಳೀತು. ಎರಡ ದಿನದ ಅಡಿಗಿ ಆಗತೈತೇನ್ರಿ?’

ಕಲಿತವರ ನಡುವೆ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ‘ಯಾಕ ಆಗೂದಿಲ್ರಿ? ಎರಡ ದಿನಾನ ಮಾಡೋಣ್ರಿ’ ಎಂದು ಕೈ ಎತ್ತಿದೆ. ಚಪ್ಪಾಳೆ ಬಿತ್ತು. ಅಕ್ಕ ಸೆರಗಿನಿಂದ ಗಂಟೆ ಒರೆಸುತ್ತ ನಿಂತಿದ್ದಳು.

ಹೊರಗೆ ಬಂದ ಮೇಲೆ, ‘ಛಲೋ ಒದರಿದಿ ಬಿಡ, ಹಿಂದಿನವರಿಗೂ ಕೇಳಿಸ್ತು’ ಎಂದಳು. ತಿರುಗಿ ಹೋಗಿ ಮಾತು ಬದಲಿಸಬಹುದಿತ್ತು. ಚಪ್ಪಾಳೆ ಇನ್ನೂ ನನ್ನ ಕಿವಿಯಲ್ಲಿತ್ತು.

ಸಮ್ಮೇಳನದ ಎರಡನೆಯ ದಿನ ಮಧ್ಯಾಹ್ನ ರೊಟ್ಟಿ, ಎಣ್ಣೆಗಾಯಿ ಜೋಡಿಸಿಟ್ಟು ಗಂಟೆಗಾಗಿ ಕಾದೆ. ಮೈಕಿನಲ್ಲಿ ಮಾತು ನಿಲ್ಲಲೇ ಇಲ್ಲ. ‘ಇವತ್ತ ಮೇಡಂಗ ಕರುಣಾ ಬಂದೈತಿ’ ಎಂದು ಬಡಿಸುವವರು ನಕ್ಕರು. ಅನ್ನ ಆರತೊಡಗಿತು. ನಾನು ಬಾಗಿಲಿಗೆ ಓಡಿದೆ.

ಅಕ್ಕ ಕುರ್ಚಿಯ ಮೇಲೆ ಕೂತಿದ್ದಳು. ಗಂಟೆ ಮಡಿಲಲ್ಲಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಅವಳ ಕೈ ತಣ್ಣಗಾಗಿತ್ತು.

ಈ ವರ್ಷ ಮತ್ತೆ ಸಭೆ ಸೇರಿತು. ಬಾಗಿಲ ಪಕ್ಕ ಯಾರೂ ನಿಂತಿರಲಿಲ್ಲ. ‘ಮೇಡಂ ನೆನಪಿಗೆ ಮೂರು ದಿನ ಮಾಡೋಣ್ರಿ’ ಎಂದು ಯಾರೋ ಅಂದರು. ಕೈಗಳು ಏಳತೊಡಗಿದವು.

ನಾನು ಎದ್ದು ನಿಂತೆ.

‘ಒಂದ ದಿವಸ ಮಾಡ್ರಿ. ಎರಡ ದಿನ ನಿಲ್ಲೂದು ಆಕಿ ಕಡೆ ಆಗ್ತಿರಲಿಲ್ಲ. ಅದು ನನಗ ಗೊತ್ತಿತ್ತು, ಗೊತ್ತಿದ್ದೂ ಕೈ ಎತ್ತೇನಿ.’ ಬಾಗಿಲ ಕಡೆ ನೋಡಿದೆ. ‘ಅಕ್ಕಾ, ನಂದು ತಪ್ಪಾತು.’