ಪೆಟ್ಟಿಗೆಯ ತಳದಲ್ಲಿ ಕೆಂಚೇಶನ ಹೆಸರು

ಚನ್ನಗಿರಿ ಬಸ್‌ಸ್ಟ್ಯಾಂಡಿನ ಎದುರು ರೇಡಿಯೋ ರಿಪೇರಿ ಅಂಗಡಿ ತೆರೆದ ಕೆಂಚೇಶ್ ಆಮೇಲೆ ಟಿವಿಗೆ, ಮಿಕ್ಸಿಗೆ, ಕೊನೆಗೆ ಮೊಬೈಲಿಗೆ ಬದಲಾದರೂ ಒಂದು ವ್ರತ ಮಾತ್ರ ಬಿಟ್ಟಿರಲಿಲ್ಲ. ಬಿಚ್ಚಿದ ಪೆಟ್ಟಿಗೆಯ ಒಳಗೆ ಪೆನ್ಸಿಲ್ಲಿನಲ್ಲಿ ತಾರೀಕು, ತನ್ನ ಹೆಸರು, ಮಾಡಿದ ಕೆಲಸ ಬರೆದೇ ಮುಚ್ಚುತ್ತಿದ್ದ. ಗಿರಾಕಿ ಹಟ ಮಾಡಿದ್ದರೆ ಅದನ್ನೂ ಬರೆಯುತ್ತಿದ್ದ: ‘ಸ್ಪೀಕರ್ ಬದಲಿಸಲು ಹೇಳಿದೆ, ಬೇಡ ಅಂದರು.’ ಹೊನ್ನಾಳಿ, ನ್ಯಾಮತಿ, ಜಗಳೂರಿನವರೆಗೂ ಎಷ್ಟೋ ಮನೆಗಳ ಅಟ್ಟದಲ್ಲಿ ಅವನ ಹೆಸರು ಹೀಗೆ ಕತ್ತಲಲ್ಲಿ ಕುಳಿತಿದೆ.

“ಒಳಗೆ ಬರ್ದು ಮುಚ್ಚಳ ಹಾಕ್ತೀರಲ್ರೀ, ಯಾರು ಓದಾಕೆ? ಜಿರಳೆನಾ?” ಎಂದು ಹೆಂಡತಿ ಮಾಲಾ ಕೇಳುತ್ತಿದ್ದಳು.

ಆ ಮಾತು ಅವನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತ್ತು. ಮೂವತ್ತು ವರ್ಷ ಒಳಗೇ ಬರೆದ ಹೆಸರು ಒಂದು ಸಲವಾದರೂ ಹೊರಗೆ, ನಾಲ್ಕು ಜನ ಓದುವ ಕಡೆ ಬರಬೇಕು ಎಂದು ಆಸೆ. ಕಾಲೇಜಿನ ಫಿಸಿಕ್ಸ್ ಮೇಷ್ಟ್ರು, ನಲ್ಲೂರಿನ ವಿನಯ್ ಕುಮಾರ್ ಅಂಗಡಿಗೆ ಬಂದದ್ದು ಆಗಲೇ.

“ಚಿನ್ನದ ತಂತಿ ಎಳ್ದು ಎಳ್ದು, ಕೊನೆಗೆ ಒಂದೇ ಒಂದು ಪರಮಾಣು ಹಿಡ್ಕಂಡಿರಂಗೆ ಮಾಡ್ಬೇಕು ಕೆಂಚಣ್ಣ. ಅದ್ರಾಗೆ ಹೈ ಫ್ರೀಕ್ವೆನ್ಸಿ ಕರೆಂಟ್ ಬಿಟ್ರೆ ಹೆಂಗೆ ನಡ್ಕಳ್ತೈತೆ ಅಂತ ನೋಡಾದೇ ನನ್ನ ಪಿಎಚ್‌ಡಿ.”

“ಆ ಪರಮಾಣು ಕಣ್ಣಿಗೆ ಕಾಣ್ತೈತಾ ಸಾರ್?”

“ಇಲ್ಲ. ಮೀಟರೇ ಹೇಳ್ಬೇಕು.”

“ಹಂಗಾದ್ರೆ ನಮ್ಮ ಕೆಲ್ಸಾನೇ ಬಿಡ್ರಿ. ಕಾಣದಿರೋ ಫಾಲ್ಟಿಂದ್ಲೇ ನಾವು ಅನ್ನ ತಿನ್ನಾದು.”

ಮೇಷ್ಟ್ರು ನಕ್ಕು, “ಅದಕ್ಕೊಂದು ಪೆಟ್ಟಿಗೆ ಮಾಡ್ಕೊಡ್ರಿ, ಥೀಸಿಸ್ ಪುಸ್ತಕದಾಗೆ ನಿಮ್ಮ ಹೆಸ್ರು ಹಾಕ್ತೀನಿ” ಎಂದರು. ಕೆಂಚೇಶ್ ಅವತ್ತೇ ಅಂಗಡಿಗೆ ಅರ್ಧ ದಿನ ಬಾಗಿಲು ಹಾಕಿದ.

ಪ್ಲೈವುಡ್ ತಳದ ಒಂದು ಪೆಟ್ಟಿಗೆ. ಅದರೊಳಗೆ ಸ್ಪ್ರಿಂಗಿನ ಹಾಗೆ ಬಾಗುವ ಕಂಚಿನ ಪಟ್ಟಿ, ಪಟ್ಟಿಯ ಮೇಲೆ ಅಂಟಿಸಿದ ಕೂದಲೆಳೆಯಂಥ ಚಿನ್ನದ ತಂತಿ. ಕೆಳಗಿನ ಸ್ಕ್ರೂ ತಿರುಗಿಸಿದರೆ ಪಟ್ಟಿ ಬಾಗುತ್ತಿತ್ತು, ತಂತಿ ಸಣ್ಣಗಾಗುತ್ತಿತ್ತು, ಮೀಟರಿನ ಅಂಕಿ ಜಾರುವ ಬದಲು ಮೆಟ್ಟಿಲು ಇಳಿಯುತ್ತಿತ್ತು. ಕೊನೆಯ ಮೆಟ್ಟಿಲೇ ಆ ಒಂಟಿ ಪರಮಾಣು. ಅದೂ ಬಿಟ್ಟರೆ ಸೊನ್ನೆ. ಮೊದಲ ಸಲ ಅದನ್ನು ಕಂಡಾಗ ಕೆಂಚೇಶ್ ಉಸಿರು ಬಿಡಲಿಲ್ಲ. ತನ್ನ ಉಸಿರಿಗೇ ಅದು ಹರಿದೀತೆಂದು ಹೆದರಿದ್ದ.

ಗೈಡು ಬರುವ ಹಿಂದಿನ ದಿನ ಮೇಷ್ಟ್ರು ತಂತಿಯ ಎರಡು ತುದಿಗೆ ಹೋಗುವ ವೈರುಗಳನ್ನು ನೋಡಿ ಮುಖ ಸಿಂಡರಿಸಿದರು. “ಎಣ್ಣೆ ಕಾಣದಿರೋ ತಲೆ ಇದ್ದಂಗೈತೆ. ಎರಡೂ ಸೇರ್ಸಿ ನೀಟಾಗಿ ಕಟ್ರಿ.”

“ಬ್ಯಾಡ ಸಾರ್. ರೇಡಿಯೋದಾಗೆ ಸ್ಟೇಷನ್ ತಿರುಗ್ಸೋ ಗ್ಯಾಂಗ್ ಕಂಡೆನ್ಸರ್ ಐತಲ್ಲ, ಅದ್ರ ತಗಡು ಒಂದಕ್ಕೊಂದು ಮುಟ್ಟಾದೇ ಇಲ್ಲ. ಆದ್ರೂ ಸ್ಟೇಷನ್ ಬರ್ತೈತೆ. ಇಷ್ಟು ಫ್ರೀಕ್ವೆನ್ಸಿಗೆ ಈ ವೈರು ಪಕ್ಕಪಕ್ಕ ಮಲಗಿದ್ರೆ, ನಿಮ್ಮ ಪರಮಾಣು ಬಿಟ್ಟೋದ್ಮೇಲೂ ಕರೆಂಟ್ ತಮ್ತಮ್ಮಾಗೇ ದಾಟಿಸ್ಕಂತಾವೆ.”

“ಅದು ರೇಡಿಯೋ ಕೆಂಚಣ್ಣ. ಇದು ಕ್ವಾಂಟಮ್.”

ಕ್ವಾಂಟಮ್ ಅಂದ ಮೇಲೆ ಬಸ್‌ಸ್ಟ್ಯಾಂಡಿನವನು ಏನು ಹೇಳಿಯಾನು? ಮೇಣದ ದಾರದಲ್ಲಿ ಮಲ್ಲಿಗೆ ದಂಡೆ ಕಟ್ಟಿದ ಹಾಗೆ ಕಟ್ಟಿಕೊಟ್ಟ. ತಾನೇ ಬೇಡವೆಂದ ಕೆಲಸವನ್ನು ಅಷ್ಟು ಚೆಂದ ಮಾಡಬಾರದಿತ್ತು ಎಂದು ಆಮೇಲೆ ಅವನಿಗೇ ಅನ್ನಿಸಿತು. ಆದರೆ ವ್ರತ ತಪ್ಪಲಿಲ್ಲ. ಪೆಟ್ಟಿಗೆಯ ತಳದ ಒಳಮೈಯಲ್ಲಿ ತಾರೀಕು, ಹೆಸರು ಬರೆದು, ‘ವೈರ್ ಸೇರಿಸಿ ಕಟ್ಟಬಾರದು ಎಂದೆ, ಸಾರ್ ಕೇಳಲಿಲ್ಲ’ ಎಂದು ಸೇರಿಸಿ ಸ್ಕ್ರೂ ಬಿಗಿದ.

ಎರಡು ವರ್ಷ ಕಳೆದು ಮೇಷ್ಟ್ರಿಗೆ ಡಾಕ್ಟರೇಟ್ ಬಂತು. “ನಿಮ್ಮ ಹೆಸ್ರಿರೋ ಪುಟದ ಫೋಟೋ ಮೊಬೈಲಿನಾಗೆ ಹೊಡ್ಕಂಡು ಬರ್ರಿ, ನಮ್ಮಣ್ಣಂಗೆ ಕಳಿಸ್ಬೇಕು” ಎಂದು ಮಾಲಾ ಇಸ್ತ್ರಿ ಮಾಡಿದ ಅಂಗಿ ಕೊಟ್ಟಳು. ಕೆಂಚೇಶ್ ಅರ್ಧ ಕೆಜಿ ಪೇಡೆ ಹಿಡಿದು, ಟೂಲ್ ಚೀಲವನ್ನು ಅಭ್ಯಾಸದಂತೆ ಹೆಗಲಿಗೇರಿಸಿ ಕಾಲೇಜಿಗೆ ಹೋದ. ಮೇಷ್ಟ್ರು ಕ್ಲಾಸಿನಲ್ಲಿದ್ದರು. ಲ್ಯಾಬಿನ ಅಟೆಂಡರ್ ಮಾರಪ್ಪ ದಪ್ಪ ರಟ್ಟಿನ ಪುಸ್ತಕ ತೆಗೆದುಕೊಟ್ಟ.

ಧನ್ಯವಾದದ ಪುಟದಲ್ಲಿ ಗೈಡು, ಪ್ರಿನ್ಸಿಪಾಲರು, ಮೇಷ್ಟ್ರ ಮಾವ, ಮಾವನ ತಮ್ಮ ಎಲ್ಲರೂ ಇದ್ದರು. ಕೆಂಚೇಶ್ ಇರಲಿಲ್ಲ. ಹಾಳೆ ತಿರುವಿ ತಿರುವಿ, ಕೊನೆಗೆ ತೊಂಬತ್ತೇಳನೇ ಪುಟದಲ್ಲಿ ಸಿಕ್ಕಿದ.

ಅವನ ಇಂಗ್ಲಿಷು ಸರ್ಕಿಟ್ ಪುಸ್ತಕಗಳಲ್ಲಿ ಕಲಿತದ್ದು. ದುರದೃಷ್ಟಕ್ಕೆ ಆ ವಾಕ್ಯದಲ್ಲಿದ್ದದ್ದೆಲ್ಲ ಅವನಿಗೆ ಗೊತ್ತಿದ್ದ ಪದಗಳೇ. ಸಂಪರ್ಕ ಕಡಿದ ಮೇಲೂ ಕರೆಂಟ್ ಹರಿದಂತೆ ಮೀಟರ್ ತೋರಿಸಿದ್ದು ಲೋಕಲ್ ಮೆಕ್ಯಾನಿಕ್ ಕೆಂಚೇಶ್ ಮಾಡಿದ ಫಾಲ್ಟಿ ವೈರಿಂಗಿನಿಂದ. ಅದನ್ನು ಸಂಶೋಧಕರೇ ಪತ್ತೆ ಹಚ್ಚಿ ಸರಿಪಡಿಸಿದರು.

“ಬಂದೈತಲ್ರೀ ಹೆಸ್ರು!” ಎಂದು ಮಾರಪ್ಪ ಇಣುಕಿ ಖುಷಿಪಟ್ಟ.

ಅಷ್ಟರಲ್ಲಿ ಮೇಷ್ಟ್ರು ಬಂದರು. ಕೆಂಚೇಶನ ಬೆರಳು ಯಾವ ಪುಟದಲ್ಲಿದೆ ಎಂದು ನೋಡಿ ಕುರ್ಚಿ ಎಳೆದುಕೊಂಡರು.

“ಎಕ್ಸಾಮಿನರ್ ಆ ತಪ್ಪು ಹಿಡ್ಕಂಡ್ಬಿಟ್ರು ಕೆಂಚಣ್ಣ. ಏನಾದ್ರೂ ಬರೀಲೇಬೇಕಿತ್ತು. ನಿಮಗೇನು, ನೌಕ್ರಿ ಹೋಗ್ತೈತಾ?”

“ನಾನು ಬ್ಯಾಡ ಅಂದಿದ್ದೆ ಸಾರ್.”

“ಅಂದಿದ್ರಾ? ನನಗೆ ನೆನಪೇ ಇಲ್ಲ.”

ಕೆಂಚೇಶ್ ಮೇಜಿನ ಮೇಲಿದ್ದ ಪೆಟ್ಟಿಗೆ ಮಗುಚಿ ನಾಲ್ಕು ಸ್ಕ್ರೂ ಬಿಚ್ಚಿದ. ತಳದ ಒಳಮೈಯಲ್ಲಿ ತಾರೀಕಿತ್ತು, ಹೆಸರಿತ್ತು. ಅದರ ಕೆಳಗಿನ ಸಾಲು ಇರಲಿಲ್ಲ. ಅಲ್ಲಿ ಮಾತ್ರ ಪ್ಲೈವುಡ್ ಬೆಳ್ಳಗೆ, ತೊಳೆದಿಟ್ಟ ಹಾಗೆ ಇತ್ತು.

ಅಲ್ಲಿಯವರೆಗೆ, ಪಾಪ, ಮೇಷ್ಟ್ರು ಮರೆತಿರಬಹುದು ಎಂದೇ ಅವನು ನಂಬಿದ್ದ.

“ರಬ್ಬರ್ ಹಾಕಿದೋರು ಓದೇ ಹಾಕಿರ್ತಾರಲ್ಲ, ಸಾರ್?”

ಕೆಂಚೇಶ್ ಚೀಲದಿಂದ ಸೋಲ್ಡರಿಂಗ್ ಕಡ್ಡಿ ತೆಗೆದು ಪ್ಲಗ್ಗಿಗೆ ಹಾಕಿದ. ಅದು ಕಾದ ಮೇಲೆ ಆ ಬಿಳಿ ಜಾಗದಲ್ಲಿ ಅದೇ ಸಾಲನ್ನು ಅಕ್ಷರ ಅಕ್ಷರವಾಗಿ ಸುಟ್ಟು ಬರೆದ. ಲ್ಯಾಬೆಲ್ಲ ಸುಟ್ಟ ಮರದ ವಾಸನೆ. ಬರೆದು ಮುಗಿಸಿ, ಸ್ಕ್ರೂ ಬಿಗಿದು, ಪೆಟ್ಟಿಗೆಯನ್ನು ಮೊದಲಿನ ಹಾಗೇ ನೆಟ್ಟಗೆ ಇಟ್ಟ.

ಪೇಡೆಯನ್ನು ಮಾರಪ್ಪನ ಕೈಗೆ ಕೊಟ್ಟು ಹೊರಟ.

“ಬಂತೇನ್ರೀ?” ಎಂದು ಮಾಲಾ ಬಾಗಿಲಲ್ಲೇ ಕೇಳಿದಳು.

“ಬಂತು,” ಎಂದ ಕೆಂಚೇಶ್, ಅಂಗಿ ಬಿಚ್ಚುತ್ತ. “ಒಳಗೇ.”