ಆಸ್ಪತ್ರೆಗೆ ಹೋಗಿ ತೇಗಿ ಬಂದವನು

ಕುಶನ್ ಅಂಗಡಿಯವನನ್ನು ಬೀದಿಯವರೆಲ್ಲ ಮೊಳೆಬಾಯಿ ಎಂದೇ ಕರೆಯುತ್ತಿದ್ದರು. ಸೋಫಾಕ್ಕೆ ಬಟ್ಟೆ ಹೊದಿಸುವಾಗ ಒಂದು ಹಿಡಿ ಸಣ್ಣ ಮೊಳೆಗಳನ್ನು ಬಾಯಿಗೆ ಹಾಕಿಕೊಳ್ಳುವುದು ಅವನ ರೂಢಿ. ಎಡಗೈ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು, ಬಲಗೈಯಲ್ಲಿ ಸುತ್ತಿಗೆ. ಮೊಳೆ ಕೊಡಲು ಮೂರನೆಯ ಕೈ ಎಲ್ಲಿಂದ ಬರಬೇಕು? ಆ ಕೆಲಸ ನಾಲಿಗೆಯದು. ಒಂದೊಂದೇ ಮೊಳೆ ತಲೆ ಮುಂದಾಗಿ ತುಟಿಗೆ ಬರುತ್ತಿತ್ತು, ಸುತ್ತಿಗೆಯ ಅಯಸ್ಕಾಂತದ ತುದಿ ಅದನ್ನು ಕಚ್ಚಿಕೊಳ್ಳುತ್ತಿತ್ತು. ಬಾಯಿ ತುಂಬ ಮೊಳೆ ಇಟ್ಟುಕೊಂಡೇ ಗಿರಾಕಿಗಳ ಜೊತೆ ಹರಟುತ್ತಿದ್ದ. ಬಾಗಿಲ ಪಕ್ಕ ಹೊಲಿಗೆ ಯಂತ್ರದ ಮುಂದೆ ಕೂತ ಹೆಂಡತಿ, "ಒಂದು ದಿನ ಮೊಳೆ ನುಂಗಿಯೇ ಸಾಯ್ತೀರಿ ನೀವು" ಎಂದು ಬೈಯುತ್ತಿದ್ದಳು. ಮೊಳೆ ಅವನನ್ನು ಏನೂ ಮಾಡಲಿಲ್ಲ.

ಭಾರದ ಸೋಫಾ ಒಂದನ್ನು ಮಹಡಿಗೆ ಹತ್ತಿಸುವಾಗ ಮೊದಲ ಸಲ ಎದೆ ಹಿಡಿದುಕೊಂಡಿತು. ನಡು ಎದೆಯ ಮೇಲೆ ಯಾರೋ ಮೊಣಕಾಲೂರಿ ಕೂತ ಹಾಗೆ. ಡಾಕ್ಟರಮ್ಮ ಪರೀಕ್ಷೆಗಳನ್ನೆಲ್ಲ ಮಾಡಿಸಿ, ಹೃದಯದ ರಕ್ತನಾಳ ಕಿರಿದಾಗಿದೆ, ಇದಕ್ಕೆ ಆಂಜೈನಾ ಅನ್ನುತ್ತಾರೆ ಎಂದರು. ದಣಿದಾಗ ನೋವು ಬಂದರೆ ಕೂತುಬಿಡಬೇಕು, ನಾಲಿಗೆ ಕೆಳಗೆ ಮಾತ್ರೆ ಇಟ್ಟುಕೊಳ್ಳಬೇಕು. ಐದು ನಿಮಿಷವಾದರೂ ಹೋಗದಿದ್ದರೆ ಆಂಬುಲೆನ್ಸ್. ಬಾಗಿಲವರೆಗೆ ಬಂದು ಇನ್ನೊಂದು ಮಾತನ್ನೂ ಹೇಳಿದರು: "ಈ ನೋವಿನ ಗುರುತು ನಿಮಗೆ ಸಿಗುತ್ತೆ. ಗುರುತಿಲ್ಲದ ನೋವು ಬಂದ್ರೆ, ಸುಮ್ಮನೆ ಕೂತಿದ್ದಾಗಲೇ ಬಂದ್ರೆ, ಆಗ ಕಾಯಲೇಬೇಡಿ."

ಗುರುತು ಸಿಕ್ಕಿತು, ಸಲಿಗೆಯೂ ಬೆಳೆಯಿತು. ಗಂಡಹೆಂಡತಿ ಆ ನೋವಿಗೆ ಅಳಿಯ ಎಂದು ಹೆಸರಿಟ್ಟರು. ಹೇಳದೆ ಕೇಳದೆ ಬರುತ್ತಾನೆ, ಎಲ್ಲರೂ ಕೆಲಸ ಬಿಟ್ಟು ಉಪಚಾರ ಮಾಡಬೇಕು, ಬಾಯಿಗೊಂದಿಷ್ಟು ಹಾಕಿದರೆ ಎದ್ದು ಹೋಗುತ್ತಾನೆ. ಕುರ್ಚಿ ಸೋಫಾಗಳಿಗೆ ಚೌಕಟ್ಟು ಮಾಡಿಕೊಡುವ ಪಕ್ಕದ ಬಡಗಿಗೂ ಅದೇ ಕಾಯಿಲೆ. "ಅತ್ತಿಗೆ, ನಮ್ಮನೆ ಅಳಿಯ ಬೆಳಿಗ್ಗೆನೇ ಬಂದು ಹೋದ, ನಿಮ್ಮನೆಯವನು?" ಎಂದು ಅವನು ಕೇಳಿದರೆ ಅವಳಿಗೆ ನಗು ತಡೆಯುತ್ತಿರಲಿಲ್ಲ.

ಹೀಗಿರುವಾಗ ಒಂದು ಸಂಜೆ ಮೊಳೆಬಾಯಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ಉರಿಯೆದ್ದಿತು. ಗುರುತಿಲ್ಲದ ನೋವು. ಡಾಕ್ಟರಮ್ಮ ಹೇಳಿದ್ದನ್ನು ನೆನೆದು ಹೆಂಡತಿ ಆಂಬುಲೆನ್ಸ್ ಕರೆದಳು. ತುರ್ತು ವಿಭಾಗದಲ್ಲಿ ಮಂಚದ ಮೇಲೆ ಮಲಗಿಸಿ ಎದೆಗೆ ತಂತಿ ಅಂಟಿಸುತ್ತಿದ್ದ ಹಾಗೇ ಅವನಿಗೊಂದು ದೊಡ್ಡ ತೇಗು ಬಂತು, ನೋವು ಇಳಿಯಿತು. ಪರೀಕ್ಷೆಯಲ್ಲೂ ಏನೂ ಇರಲಿಲ್ಲ. ಪಾಳಿಯಲ್ಲಿದ್ದ ಎಳೆಯ ಡಾಕ್ಟರ್, "ಅಜೀರ್ಣಕ್ಕೆಲ್ಲ ಹೀಗೆ ಓಡಿ ಬಂದ್ರೆ ನಾವು ಯಾರನ್ನು ನೋಡೋದು?" ಎಂದ. ಓದಿದವನ ಬಾಯಿಂದ ಬಂದ ಆ ಮಾತಿಗೆ ಕ್ಷಮೆ ಇಲ್ಲ.

ಅದಕ್ಕೆ ಒಗ್ಗರಣೆ ಹಾಕಿದವನು ಮೊಳೆಬಾಯಿಯ ಅಣ್ಣ. ಮದುವೆಯಿರಲಿ, ಮಗುವಿಗೆ ಹೆಸರಿಡುವುದಿರಲಿ, ನಾಲ್ಕು ಜನ ಸೇರಿದರೆ ಸಾಕು, ಅವನು ಶುರು ಮಾಡುತ್ತಿದ್ದ. "ನಮ್ಮ ತಮ್ಮ ಗೊತ್ತಲ್ಲ? ತೇಗಬೇಕು ಅಂದ್ರೆ ಅವನಿಗೆ ಆಂಬುಲೆನ್ಸೇ ಬೇಕು. ಲೋ, ತೇಗು ಬರೋ ಹಾಗಿದೆಯಾ? ಗಾಡಿ ಕರೀಲಾ?" ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮೊಳೆಬಾಯಿಯೂ ನಗುತ್ತಿದ್ದ, ಕಿವಿ ಮಾತ್ರ ಕೆಂಪಾಗಿರುತ್ತಿತ್ತು.

ಒಂದು ಮಧ್ಯಾಹ್ನ ಊಟ ಮುಗಿಸಿ ಮೋಟು ಸ್ಟೂಲಿನ ಮೇಲೆ ಕೂತು ಹಳೆಯ ಕುರ್ಚಿಯೊಂದಕ್ಕೆ ರೆಕ್ಸಿನ್ ಬಡಿಯುತ್ತಿದ್ದ. ಸುತ್ತಿಗೆಯ ಸದ್ದು ನಿಂತಿತು. ಹೆಂಡತಿ ತಿರುಗಿ ನೋಡಿದರೆ, ಬಾಯಲ್ಲಿದ್ದ ಮೊಳೆಗಳನ್ನೆಲ್ಲ ಅಂಗೈಗೆ ಉಗುಳಿಕೊಂಡು ದವಡೆ ನೀವುತ್ತಿದ್ದಾನೆ. ಹಣೆಯಲ್ಲಿ ಬೆವರು.

"ಅಳಿಯನಾ?"

"ಅಲ್ಲ. ಅವನು ಹೀಗೆ ಬರಲ್ಲ. ಎದೇಲಿ ಏನೂ ಇಲ್ಲ. ದವಡೆ ಹಿಡ್ಕೊಂಡಿದೆ, ಬೆನ್ನಲ್ಲಿ ಏನೋ ಚಳುಕು. ಬಗ್ಗಿ ಬಗ್ಗಿ ಹೀಗಾಗಿದೆ."

ಇಲ್ಲೇ ತಪ್ಪಿದ್ದು. ಅಳಿಯನ ನಡೆ, ನುಡಿ, ಹೊತ್ತು ಎಲ್ಲ ಗೊತ್ತಿದ್ದವನು, ಇದು ಅಳಿಯ ಅಲ್ಲ, ಅಂದ ಮೇಲೆ ಹೃದಯದ್ದಲ್ಲ ಎಂದು ತೀರ್ಮಾನಿಸಿಬಿಟ್ಟ. ಡಾಕ್ಟರಮ್ಮ ಬಾಗಿಲವರೆಗೆ ಬಂದು ಹೇಳಿದ್ದು ಇದಕ್ಕೆ ಪೂರಾ ಉಲ್ಟಾ. ಚೌಕಟ್ಟು ಇಳಿಸಲು ಬಂದ ಬಡಗಿಯೂ ನೋಡಿದ. "ನಮ್ಮ ಕಾಯಿಲೆ ಹೀಗಿರಲ್ಲ ಅತ್ತಿಗೆ, ನನಗೆ ಗೊತ್ತಿಲ್ವಾ? ಗ್ಯಾಸು. ಸೋಡಾ ತರ್ತೀನಿ" ಎಂದು ಹೋದ.

ಅವಳಿಗೆ ಸಮಾಧಾನವಿಲ್ಲ. ಬಲವಂತ ಮಾಡಿ ನಾಲಿಗೆ ಕೆಳಗೆ ಮಾತ್ರೆ ಇಡಿಸಿದಳು. ನೋವು ಕದಲಲಿಲ್ಲ. ಫೋನ್ ಎತ್ತಿಕೊಂಡಳು. ಅವನು ಎದ್ದು ಬಂದು ಫೋನ್ ಕಿತ್ತುಕೊಂಡ. ಮದುವೆಯಾದ ಅಷ್ಟು ವರ್ಷದಲ್ಲಿ ಅವಳ ಕೈಯಿಂದ ಅವನು ಏನನ್ನೂ ಕಿತ್ತುಕೊಂಡವನಲ್ಲ.

"ಮತ್ತೆ ಹೋಗಿ ತೇಗಿ ಬರಲಾ? ಅಣ್ಣನಿಗೆ ಇನ್ನೊಂದು ಕಥೆ ಬೇಕಾ?"

"ಅವರು ಏನಾದ್ರೂ ಹೇಳಿಕೊಳ್ಳಲಿ ರೀ."

"ಹೇಳಿಸಿಕೊಳ್ಳೋನು ನಾನು. ಸ್ವಲ್ಪ ಹೊತ್ತು ನೋಡೋಣ."

ನೋಡಿದರು. ಸೋಡಾ ಬಂತು, ಅರ್ಧ ಕುಡಿದ. ಸಂಜೆಗೆ ಕೊಡುತ್ತೇನೆಂದ ಕುರ್ಚಿಯನ್ನು ಮತ್ತೆ ಎಳೆದುಕೊಂಡ. ರೆಕ್ಸಿನ್ ಹಿಡಿಯುವ ಬಲ ಎಡಗೈಗೆ ಇರಲಿಲ್ಲ. ಅವನು ಸ್ಟೂಲಿನಿಂದ ಪಕ್ಕಕ್ಕೆ ವಾಲಿದಾಗಲೇ ಫೋನ್ ಮತ್ತೆ ಅವಳ ಕೈಗೆ ಬಂದದ್ದು. ಆಂಬುಲೆನ್ಸ್ ಬೇಗನೇ ಬಂತು. ಆಸ್ಪತ್ರೆಯ ಗೇಟು ದಾಟುವ ಮೊದಲೇ ಅವನ ಜೀವ ಹೋಗಿತ್ತು.

ಸಾವಿನ ಮನೆಗೆ ಬಂದವರು ಬಾಯಿಗೆ ಬಂದದ್ದು ಆಡಿದರು. "ಪುಣ್ಯವಂತ, ನರಳದೆ ಹೋದ" ಎಂದಳು ದೂರದ ನೆಂಟರ ಪೈಕಿ ಒಬ್ಬಳು.

"ನರಳಿದರು" ಎಂದಳು ಇವಳು. "ಊಟ ಆದಾಗಿಂದ ನರಳಿದರು. ನಾಚಿಕೆಗೆ ಸದ್ದು ಮಾಡಲಿಲ್ಲ ಅಷ್ಟೆ."

ಮೂಲೆಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದ ಅಣ್ಣ ಕಣ್ಣೊರೆಸಿಕೊಂಡು, "ಒಂದು ಫೋನ್ ಮಾಡೋಕೆ ಏನಾಗಿತ್ತಮ್ಮ ನಿನಗೆ?" ಎಂದ.

"ಫೋನ್ ಕೈಲೇ ಇತ್ತು ಭಾವ. ಅವರು ಕಿತ್ತುಕೊಂಡರು. ಯಾಕೆ ಅಂತ ಕೇಳಿ."

ಅವನು ಮತ್ತೆ ಕಣ್ಣೊರೆಸಿಕೊಳ್ಳತೊಡಗಿದ.

"ಕೇಳಿ ಭಾವ."

"ಯಾಕೆ?"

"ನೀವು ನಗ್ತೀರಿ ಅಂತ."

ಯಾರೋ ಒಬ್ಬರು ಕೆಮ್ಮಿದರು. ಅಣ್ಣ, "ಅದು ತಮಾಷೆಗೆ..." ಎಂದು ತಡವರಿಸಿದ.

"ತಮಾಷೆಗೇ. ನಾನೂ ನಕ್ಕಿದ್ದೀನಿ. ನಿಮ್ಮ ಮುಖವನ್ನಾದ್ರೆ ನೋಡದೆ ಇರಬಹುದು ಭಾವ, ನನ್ನ ಮುಖ ಎಲ್ಲಿ ಬಿಡಲಿ?"

ಆಮೇಲೆ ಅಂಗಡಿಯನ್ನು ಅವಳೇ ತೆರೆದಳು. ಕುಶನ್ ಕವರ್ ಹೊಲಿಯುತ್ತಾಳೆ, ಮೊಳೆಯ ಕೆಲಸವನ್ನು ಬಡಗಿ ಬಂದು ಮಾಡಿಕೊಡುತ್ತಾನೆ. ಮೊನ್ನೆ ಅವನು ಸುಮ್ಮನೆ ಕೂತಿದ್ದವನು ಭುಜದಿಂದ ಮೊಣಕೈವರೆಗೆ ಒತ್ತಿಕೊಳ್ಳತೊಡಗಿದ.

"ಏನು?"

"ಏನಿಲ್ಲ ಅತ್ತಿಗೆ. ಹಳೇದಲ್ಲ, ಇದು ಬೇರೆ ಏನೋ. ಉಳುಕಿರಬೇಕು."

ಅವಳು ಯಂತ್ರ ಬಿಟ್ಟು ಎದ್ದಳು. ಫೋನ್ ಎತ್ತಿದಳು. "ಬೇಡ ಅತ್ತಿಗೆ, ಜನ ನೋಡ್ತಾರೆ" ಎಂದ ಬಡಗಿಗೆ, "ಬಾಯಿ ಮುಚ್ಚಿಕೊಂಡು ಕೂತಿರಿ" ಎಂದಳು. ಆಂಬುಲೆನ್ಸ್ ಬಂದಾಗ ಬೀದಿಯ ಬಾಗಿಲುಗಳೆಲ್ಲ ತೆರೆದವು. ಅವಳು ಅಂಗಡಿಯ ಮೆಟ್ಟಿಲ ಮೇಲೆ ನಿಂತು ಒಂದೊಂದು ಬಾಗಿಲನ್ನೂ ದುರುಗುಟ್ಟಿ ನೋಡಿದಳು.

ಮರುದಿನ ಬಡಗಿ ತಲೆ ತಗ್ಗಿಸಿಕೊಂಡು ಬಂದ. "ಏನೂ ಇಲ್ಲವಂತೆ ಅತ್ತಿಗೆ. ಉಳುಕೇ ಅಂತೆ. ಸುಮ್ಮನೆ ರಂಪ ಆಯ್ತು."

"ಏನೂ ಇಲ್ಲ ಅಂತ ಹೇಳೋಕೂ ಆಸ್ಪತ್ರೆನೇ ಬೇಕು ಬಡಗಿಯಣ್ಣ. ಅದನ್ನ ನೀವೂ ನಾನೂ ಕೂತು ಹೇಳಿದ್ದು ಒಂದು ಸಲ ಸಾಕು. ನಾಳೆ ಮತ್ತೆ ಹೊಸ ನೋವು ಬಂದ್ರೆ ನಾಳೆನೂ ಕರೀತೀನಿ. ನಾಡಿದ್ದೂ ಕರೀತೀನಿ. ಯಾರು ನಗ್ತಾರೋ ಅವರನ್ನ ಇಲ್ಲಿಗೆ ಕಳಿಸಿ."

ಅವಳು ಯಂತ್ರದ ಕಡೆ ತಿರುಗಿ ಜೋರಾಗಿ ತುಳಿದಳು. ದಾರ ತುಂಡಾಯಿತು. ಬೈದುಕೊಳ್ಳುತ್ತಲೇ ಮತ್ತೆ ಪೋಣಿಸಿದಳು.